ಖಂಡಪ್ಪನ ಮನೆಯ ಬೆಲ್

ಜೂನಿನ ಮಿರಗದ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಘಾಟ್ಕೋಪರದ ಆ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಶರೀಫ ನೀರು ಹೊಕ್ಕ ಪಂಪೊಂದನ್ನು ಬಿಚ್ಚಿಕೊಂಡು, ರೇಡಿಯೋ ಸೆಟ್ಟಿನಲ್ಲಿ ಮಾತಾಡುತ್ತ ಕುಳಿತಿದ್ದ. ಮಳೆಗಾಲವೆಂದರೆ ಅವನಿಗೆ ಸುಗ್ಗಿ. ಗಲ್ಲಿಯ ಕೆಟ್ಟ ಮೋಟಾರುಗಳೆಲ್ಲ ಅವನ ಹೊಸ್ತಿಲಿಗೇ ಬಂದು ಬೀಳುತ್ತಿದ್ದವು. ಸಂಜೆ ಏಳರ ಸುಮಾರಿಗೆ ಪಕ್ಕದ ಮನೆಯ ಬೆಲ್ ಹೊಡೆಯಿತು. ಆಮೇಲೆ ಊರುಗೋಲಿನ ಟಕ್ ಟಕ್. ಸ್ವಲ್ಪ ಹೊತ್ತಿಗೆ, ಧಡ್ ಎಂದು ಏನೋ ಬಿದ್ದ ಸದ್ದು.

ಓಡಿಹೋಗಿ ನೋಡಿದರೆ ತೆರೆದ ಬಾಗಿಲಲ್ಲಿ ಖಂಡಪ್ಪ ಬಿದ್ದಿದ್ದ. ಹೊರಗೆ ಯಾರೂ ಇರಲಿಲ್ಲ. ಮೆಟ್ಟಿಲ ತುಂಬ ಮಳೆಯ ಒದ್ದೆ.

ಹೀಗಾಗಿದ್ದು ಇದು ಮೂರನೇ ಸಲ. ಬೆಲ್ ಹೊಡೆಯುತ್ತಿತ್ತು, ಅವನು ಕುಂಟುತ್ತ ಬಂದು ತೆರೆದರೆ ಯಾರೂ ಇರುತ್ತಿರಲಿಲ್ಲ. ನಾಲ್ಕು ಮನೆಯ ಅಡುಗೆ ಮುಗಿಸಿ ಎಂಟಕ್ಕೆ ಬಂದ ಅವನ ಹೆಂಡತಿ ರುಕ್ಮಿಣಿಬಾಯಿ, ತಪ್ಪು ಯಾರದೆಂದು ಹುಡುಕುವ ಗೋಜಿಗೆ ಹೋಗಲಿಲ್ಲ. ಶರೀಫನ ಕಿಟಕಿಯಾಚೆ ಚಾಚಿದ್ದ ಆಂಟೆನಾ ಎಲ್ಲರಿಗೂ ಕಾಣುತ್ತಿತ್ತು. ಸರಕಾರದ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವನು ಅವನು. ದಿನಾ ಏಳಕ್ಕೆ ವಡಾಲದ ಗೆಳೆಯನೊಡನೆ ಹರಟೆ.

"ನಿನ್ನ ಗಾಳಿಮಾತು ನಮ್ಮ ಮನಿ ಬೆಲ್ ಬಾರಸ್ತದ," ಎಂದಳು. "ಇವರಿಗೆ ಇರೂದು ಒಂದ ಕಾಲು. ಅದೂ ಮುರೀಲಿ ಅಂತ ಕುಂತೀಯೇನು?"

ಶರೀಫ ಮನೆಗೆ ಬಂದು ಸೆಟ್ಟಿನ ಗುಂಡಿ ಒತ್ತಿದ. ಪಕ್ಕದ ಮನೆಯಲ್ಲಿ ಬೆಲ್ ಹೊಡೆಯಿತು. ಮತ್ತೆ ಒತ್ತಿದ. ಮತ್ತೆ ಹೊಡೆಯಿತು. ಅವಳು ಲೋಕಲ್ ಟ್ರೇನಿನಲ್ಲಿ ಕೊಂಡು ತಂದ, ವೈರಿಲ್ಲದ ಬೆಲ್ ಅದು. ಹೊರಗಿನ ಗುಂಡಿಯಿಂದ ಒಳಗಿನ ಬೆಲ್ಲಿಗೆ ಹೋಗುವ ಅಲೆಗೂ ಶರೀಫನ ಸೆಟ್ಟಿನ ಅಲೆಗೂ ಹೆಚ್ಚು ಅಂತರವಿರಲಿಲ್ಲ. ತಪ್ಪು ತನ್ನದೇ.

ಅದೂ ಖಂಡಪ್ಪನ ವಿಷಯದಲ್ಲಿ. ಹದಿನೆಂಟು ವರ್ಷದವನಾಗಿ ತನ್ನೂರು ಇಂಡಿಯಿಂದ ಶರೀಫ ಬರಿಗೈಯಲ್ಲಿ ಬಂದಾಗ ಆರು ತಿಂಗಳು ಅವನನ್ನು ಉಣಿಸಿದ್ದು ಖಂಡಪ್ಪನ ಮೂರು ಅಂತಸ್ತಿನ ಊಟದ ಡಬ್ಬಿ. ಮೇಲಿನ ಅಂತಸ್ತು ಶರೀಫನಿಗೆಂದೇ ಇರುತ್ತಿತ್ತು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೊಡೆಸಿದ ಖಂಡಪ್ಪನ ಹೆಸರನ್ನು ಉಣ್ಣುವಾಗಲೆಲ್ಲ ಬೆರಳಿನಿಂದ ಸವರುತ್ತಿದ್ದ. ಎರಡು ವರ್ಷದ ಹಿಂದೆ, ಕಟ್ಟಡದ ಕೆಲಸದಲ್ಲಿ ರಾಟೆಯ ಹಗ್ಗ ಜಾರಿ ಕಬ್ಬಿಣ ಬಿದ್ದು ಖಂಡಪ್ಪನ ಕಾಲು ಹೋಯಿತು. ಡಬ್ಬಿ ಸೈಟಿನಲ್ಲೇ ಉಳಿಯಿತು. ಹಗ್ಗ ಹಿಡಿದಿದ್ದವನು ಖಂಡಪ್ಪನ ಊರಿನವನೇ, ಮರೆಪ್ಪ. ಅಂದು ಓಡಿಹೋದವನು ಆಸ್ಪತ್ರೆಗೂ ಬರಲಿಲ್ಲ. ಅವನನ್ನು ಖಂಡಪ್ಪ ಬೈದದ್ದನ್ನು ಶರೀಫ ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಆಂಟೆನಾವನ್ನು ಆಚೆ ಗೋಡೆಗೆ ಸರಿಸಿದ. ಸೆಟ್ಟಿನ ಶಕ್ತಿ ತಗ್ಗಿಸಿದ. ವೈರಿಗೆ ಅಲೆ ತಡೆಯುವ ಕಪ್ಪು ಬಳೆಗಳನ್ನು ತೊಡಿಸಿದ. ಹತ್ತು ಸಲ ಗುಂಡಿ ಒತ್ತಿದರೂ ಪಕ್ಕದ ಬೆಲ್ ಸುಮ್ಮನಿತ್ತು. ಇಷ್ಟಾದರೂ ಅನುಮಾನ ಬೇಡವೆಂದು ಎರಡು ದಿನ ಸೆಟ್ಟನ್ನೇ ಮುಟ್ಟಲಿಲ್ಲ.

ಎರಡನೇ ದಿನ ಏಳಕ್ಕೆ ಬೆಲ್ ಹೊಡೆಯಿತು.

ಶರೀಫ ತಲೆ ಕೆರೆದುಕೊಂಡ. ಈ ಊರಿನಲ್ಲಿ ಕಾರಿನ ಕೀಲಿಗೂ ಒಂದು ಅಲೆ, ಗೇಟಿಗೂ ಒಂದು ಅಲೆ. ಅಗ್ಗದ ಬೆಲ್ ಯಾವುದಕ್ಕೆಂದು ಓಗೊಟ್ಟೀತು! ಹೋಗಿ ನೋಡಿದರೆ ಖಂಡಪ್ಪ ಬಾಗಿಲು ಹಿಡಿದು ಏದುಸಿರು ಬಿಡುತ್ತಿದ್ದ.

"ಏಳಬ್ಯಾಡ ಅಂದ್ರ ಕೇಳೂದಿಲ್ಲಲ್ಲ ಕಾಕಾ."

"ಬೆಲ್ ಹೊಡದ್ರ ಹೆಂಗ ಕುಂದ್ರೂದು, ತಮ್ಮಾ? ಯಾರರೆ ಬಂದಿದ್ರ?"

"ಈ ಮಳ್ಯಾಗ ಯಾರ ಬರ್ತಾರ?"

"ಬರವ್ರು ಮಳಿ ನೋಡೂದಿಲ್ಲ," ಎಂದ ಖಂಡಪ್ಪ.

ಶರೀಫ ಒಳಗಿನ ಬೆಲ್ಲನ್ನು ಇಳಿಸಿ ಸೆಲ್ಲುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡ. ವೈರಿನ ಹೊಸ ಬೆಲ್ ತಾನೇ ತಂದು ಹಾಕುವುದಾಗಿಯೂ, ಅಲ್ಲಿಯತನಕ ಬಂದವರು ಬಾಗಿಲು ಬಡಿಯುತ್ತಾರೆಂದೂ ಹೇಳಿದ. ಹೊರಗಿನ ಗುಂಡಿ ಗೋಡೆಗೆ ಅಂಟಿಸಿದ್ದು; ಕಿತ್ತರೆ ಬಣ್ಣ ಏಳುತ್ತದೆಂದು ಹಾಗೇ ಬಿಟ್ಟ. ಅಂದು ಗುರುವಾರ. ಕೆಳಗೆ ಗೇಟಿನ ಪಕ್ಕ ಚಹಾ ಅಂಗಡಿ ಇಟ್ಟಿರುವ ಮಂಗಳೂರಿನ ದೂಜನಿಗೂ, ಬೆಲ್ಲಿನ ಕಾಟ ಮುಗಿಯಿತೆಂದು ಹೋಗುತ್ತ ಹೇಳಿಹೋದ.

ಕಾಟ ಮುಗಿದೇ ಹೋಯಿತು. ಖಂಡಪ್ಪ ಏಳಲಿಲ್ಲ, ಬೀಳಲಿಲ್ಲ. ಆದರೆ ಶುಕ್ರವಾರ, ಶನಿವಾರ, ಎರಡೂ ಸಂಜೆ ಶರೀಫನನ್ನು ಕರೆದು ಒಂದೇ ಮಾತು ಕೇಳಿದ: "ಹೊಸಾ ಬೆಲ್ ಯಾವಾಗ ಹಾಕ್ತಿ?" ಶರೀಫನ ಕೈತುಂಬ ಪಂಪುಗಳಿದ್ದವು. ಭಾನುವಾರ ಖಂಡಿತ ಎಂದ. ಆ ಭಾನುವಾರವೂ ಪಂಪುಗಳಲ್ಲೇ ಕಳೆಯಿತು. ಸೋಮವಾರ ಕೆಲಸ ಬದಿಗಿಟ್ಟು ಮಾರ್ಕೆಟ್ಟಿಗೆ ಹೋದ; ಇದ್ದುದರಲ್ಲಿ ಒಳ್ಳೆಯ ಬೆಲ್ ಆರಿಸಿದ. ಇದಕ್ಕೆ ಕಾಕಾನ ಪೈಸೆ ಮುಟ್ಟಬಾರದು. ಆರು ತಿಂಗಳ ಅನ್ನದ ಋಣದಲ್ಲಿ ಒಂದು ಅಗುಳಿನಷ್ಟಾದರೂ ತೀರಲಿ.

ವೈರಿನ ಸುರುಳಿಯನ್ನು ತೋಳಿಗೆ ಏರಿಸಿಕೊಂಡು ಗೇಟು ದಾಟುವಾಗ ದೂಜ ಕರೆದ. ಬಟ್ಟೆಯಲ್ಲಿ ಸುತ್ತಿದ ಏನನ್ನೋ ಕೈಗಿತ್ತ.

"ಖಂಡಪ್ಪನವರಿಗೆ ಕೊಡಿ ಅಂತ ನಿನ್ನೆ ಸಂಜೆ ಒಬ್ಬ ಬಿಟ್ಟು ಹೋದ. ಈ ಮಳೆಯಲ್ಲಿ ಎಷ್ಟೋ ಸಲ ಬಂದಿದ್ದಾನೆ ಆ ಜನ. ಇಲ್ಲಿ ಒಂದು ಚಹಾ ಕುಡಿಯುವುದು, ಮೇಲೆ ಹೋಗುವುದು, ಓಡಿಕೊಂಡು ಕೆಳಗೆ ಬರುವುದು."

ಶರೀಫ ಬಟ್ಟೆ ಬಿಚ್ಚಿದ. ಮೂರು ಅಂತಸ್ತು. ತಿಕ್ಕಿ ತಿಕ್ಕಿ ಬೆಳಗಿದ ಸ್ಟೀಲು. ಅವನ ಬೆರಳು ಮುಚ್ಚಳದ ಚುಕ್ಕಿಗಳ ಮೇಲೆ ತಾನಾಗಿಯೇ ಹರಿಯಿತು.

"ಮೊದಲೆಲ್ಲ ಬೆಲ್ ಒತ್ತಿ, ಕೋಲಿನ ಸದ್ದು ಕೇಳಿದ ಕೂಡಲೇ ಹೆದರಿ ಓಡುತ್ತಿದ್ದನಂತೆ," ದೂಜ ಗ್ಲಾಸು ತೊಳೆಯುತ್ತ ಹೇಳಿದ. "ಈ ಮೂರು ದಿನ ಗಟ್ಟಿ ಮನಸ್ಸು ಮಾಡಿ ಅಲ್ಲೇ ನಿಂತೆ, ಒತ್ತಿದೆ, ಒತ್ತಿದೆ, ಬಾಗಿಲು ತೆಗೆಯಲಿಲ್ಲ ಅಂದ. ಇನ್ನು ಈ ಕಡೆ ಮುಖ ಹಾಕುವುದಿಲ್ಲ ಅಂತ ಅತ್ತುಬಿಟ್ಟ ಪಾಪ. ಊರು, ನಂಬರು ಏನೂ ಹೇಳಲಿಲ್ಲ. ಹೋಗುವಾಗ ತಿರುಗಿ ಒಂದೇ ಕೇಳಿದ, ಬೆಲ್ ಹಾಳಾಗಿರಬಹುದಾ ಅಂತ."

ದೂಜ ಗ್ಲಾಸು ಬೋರಲಿಟ್ಟ.

"ಇಲ್ಲ ಮಾರಾಯ, ನಮ್ಮ ಶರೀಫ ಗುರುವಾರವೇ ಸರಿ ಮಾಡಿದ್ದಾನೆ ಅಂದೆ."