ಮೂರನೇ ಮಹಡಿಯ ಅಡುಗೆಯಮ್ಮ

“ಊಟ ಆಯ್ತಾ?”

ಬಾಗಿಲ ಆಚೆಯಿಂದ ಹೆಂಗಸಿನ ದನಿ. ಲಿಫ್ಟ್ ಮೆಕ್ಯಾನಿಕ್ ಕಣ್ಣು ತೆರೆಯದೆ, ಮಗ್ಗುಲು ಬದಲಿಸದೆ, “ಆಯ್ತು” ಎಂದ. ಹೊಟ್ಟೆ ತಾಳ ಹಾಕುತ್ತಿದ್ದರೂ ಯಾರಾದರೂ ಕೇಳಿದರೆ ‘ಆಯ್ತು’ ಎನ್ನುವುದು ನಮ್ಮೆಲ್ಲರ ಬಾಯಿಗೆ ಅಂಟಿಕೊಂಡ ಚಾಳಿ.

“ಸುಳ್ಳು,” ಎಂದಿತು ದನಿ. “ಏಳಪ್ಪಾ, ಮೇಲೇಳು.” ಜೊತೆಗೇ ಬಾಗಿಲ ಮೇಲೆ ದಬದಬ ಬಡಿತ.

ಸುಳ್ಳೇ ಆಗಿತ್ತು. ಆ ಹಳೇ ಹೋಟೆಲಿನ ಲಿಫ್ಟು ಅವನ ಅಜ್ಜನ ಕಾಲದ್ದು. ದಿನವಿಡೀ ಅದರ ಗುಂಡಿಯೊಳಗೆ ನೇತಾಡಿ, ಮೈಯೆಲ್ಲ ಗ್ರೀಸು ಮಾಡಿಕೊಂಡು ಮೂರನೇ ಮಹಡಿಯ ಮೂಲೆ ರೂಮಿಗೆ ಬಂದವನು ಸಕ್ಕರೆ ಕಾಯಿಲೆಯ ಇನ್ಸುಲಿನ್ ಚುಚ್ಚಿಕೊಂಡಿದ್ದ. ಚುಚ್ಚಿಕೊಂಡ ಮೇಲೆ ಉಣ್ಣಲೇಬೇಕು. ಇಲ್ಲದಿದ್ದರೆ ಮೈಯಲ್ಲಿನ ಸಕ್ಕರೆ ಪಾತಾಳಕ್ಕಿಳಿದು ಪ್ರಾಣಕ್ಕೇ ಸಂಚಕಾರ. ಅವನಿಗೆ ಗೊತ್ತಿಲ್ಲದ್ದೇನಲ್ಲ. ಒಂದು ಗಳಿಗೆ ಬೆನ್ನು ಚೆಲ್ಲಿ, ಆಮೇಲೆ ಕೆಳಗಿಳಿದು ಉಂಡರಾಯಿತು ಎಂದುಕೊಂಡಿದ್ದ. ಅಷ್ಟರಲ್ಲಿ ಹೆಂಡತಿಯ ಫೋನು ಬಂದಿತ್ತು. ಅವಳು ಕೇಳಿದ್ದೂ ಇದೇ ಪ್ರಶ್ನೆ. “ಆಯ್ತು ಕಣೇ, ಎಷ್ಟು ಸಲ ಕೇಳ್ತೀಯ” ಎಂದು ಸಿಡುಕಿ ಫೋನಿಟ್ಟವನು ಶೂ ಕೂಡ ಬಿಚ್ಚದೆ ನಿದ್ದೆ ಹೋಗಿದ್ದ.

ಈಗ ಅಂಗಿ ಬೆವರಿನಿಂದ ತೊಪ್ಪೆಯಾಗಿತ್ತು. ಕೈ ಗಡಗಡ ನಡುಗುತ್ತಿತ್ತು, ನಾಲಿಗೆ ಮರಗಟ್ಟಿತ್ತು. ಸಕ್ಕರೆ ಇಳಿದುಹೋಗಿದೆ ಎಂದು ಹೊಳೆಯಿತು. ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆಗೆದರೆ ಉದ್ದನೆಯ ಕಾರಿಡಾರಿನಲ್ಲಿ ನರಪಿಳ್ಳೆಯೂ ಇಲ್ಲ. ಲಿಫ್ಟನ್ನು ಬಿಚ್ಚಿ ಹರವಿಟ್ಟ ಪುಣ್ಯಾತ್ಮ ತಾನೇ ಆದ್ದರಿಂದ ಬೈಯುವುದಾದರೂ ಯಾರನ್ನು? ಮರದ ಮೆಟ್ಟಿಲುಗಳನ್ನು ಪುಟ್ಟ ಮಕ್ಕಳ ಹಾಗೆ ಅಂಡೂರಿಕೊಂಡೇ ಇಳಿದ. ಊಟದ ಕೋಣೆಯಲ್ಲಿ ಕೈಗೆ ಸಿಕ್ಕ ಮೊದಲ ಮೇಜಿನ ಸಕ್ಕರೆ ಬಟ್ಟಲನ್ನು ಎತ್ತಿ ಬಾಯಿಗೆ ಸುರಿದುಕೊಂಡ.

ಸದ್ದಿಗೆ ಎದ್ದು ಬಂದ ಹೋಟೆಲಿನ ಯಜಮಾನಿ ದೀಪ ಹಾಕಿ ನೋಡಿದರೆ, ಮೆಕ್ಯಾನಿಕ್ ಮೇಜಿನ ಕಾಲಿಗೊರಗಿ ಕೂತಿದ್ದಾನೆ, ಮೀಸೆಯ ತುಂಬಾ ಸಕ್ಕರೆ.

“ಅಯ್ಯೋ! ನಿಮ್ಮ ಬಾಗಿಲೂ ತಟ್ಟಿದ್ಲಾ?” ಯಜಮಾನಿ ತಲೆಯ ಮೇಲೆ ಕೈ ಹೊತ್ತರು. “ತಪ್ಪು ನಂದೇ. ಬೇರೆ ರೂಮು ಖಾಲಿ ಇರ್ಲಿಲ್ಲ. ದಿನಾ ಹಗ್ಗಕ್ಕೆ ನೇತಾಡೋ ಕೆಲಸದವರು, ಧೈರ್ಯ ಜಾಸ್ತಿ ಇರುತ್ತೆ ಅಂತ ಹೇಳದೇ ಕೊಟ್ಬಿಟ್ಟೆ.”

“ಯಾರಮ್ಮಾ ಅದು?”

“ನಮ್ಮಜ್ಜಿ ಕಾಲದ ಅಡುಗೆಯಮ್ಮ. ಸಾಯೋವರೆಗೂ ಆ ಮೂಲೆ ರೂಮಲ್ಲೇ ಇದ್ದಿದ್ದಂತೆ. ಈಗ್ಲೂ ಬಂದು ಬಾಗಿಲು ತಟ್ಟಿ ಅದೇ ಮಾತು ಕೇಳ್ತಾಳೆ. ದೆವ್ವ ನೋಡ್ಬೇಕು ಅಂತ್ಲೇ ದೂರದಿಂದ ಬರೋ ಶೂರರಿದಾರೆ. ತಟ್ಟಿದ ಕೂಡ್ಲೇ ಅವರೂ ಪೆಟ್ಟಿಗೆ ಬಿಟ್ಟು ಓಡ್ತಾರೆ. ಸಾಕಾಗಿದೆ ನಂಗೆ. ಮುಂದಿನ ವಾರ ಅಡ್ಡ ಗೋಡೆ ಎಬ್ಬಿಸಿ ಆ ರೂಮು ಮುಚ್ಚಿಸಿಬಿಡ್ತೀನಿ.”

ಮೆಕ್ಯಾನಿಕ್ ಸಕ್ಕರೆ ಮೆತ್ತಿದ ಕೈಗಳನ್ನೇ ಜೋಡಿಸಿದ. “ನಿಮ್ಮ ದಮ್ಮಯ್ಯ, ಅದೊಂದು ಮಾಡ್ಬೇಡಿ. ಆಯಮ್ಮ ಎಬ್ಬಿಸದೇ ಇದ್ದಿದ್ರೆ ಬೆಳಿಗ್ಗೆ ನೀವು ಬಾಗಿಲು ಒಡೆಸಿ ನನ್ನ ಹೆಣ ಎತ್ತಿಸ್ಬೇಕಾಗಿತ್ತು.”

ಅವನು ನಡೆದದ್ದನ್ನೆಲ್ಲ ಹೇಳಿದ. ಯಜಮಾನಿ ಬಾಯಿ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಒಳಗೆ ಹೋಗಿ ಬ್ರೆಡ್ಡು, ಹಾಲು ತಂದು ಮುಂದಿಟ್ಟು, ಅವನು ತಿಂದು ಮುಗಿಸುವವರೆಗೂ ಎದುರಿಗೇ ಕೂತರು. ಮೊದಲ ತುತ್ತಿಗೇ ಅವನ ಕಣ್ಣು ತುಂಬಿತು. ಗುರುತು ಪರಿಚಯವಿಲ್ಲದ ಹೆಂಗಸು, ಅದೂ ಸತ್ತು ಹೋದವಳು, ತನ್ನ ಹೊಟ್ಟೆಯ ಚಿಂತೆ ಮಾಡಿದಳಲ್ಲ ಎಂದು ಮನಸ್ಸು ತುಂಬಿ ಬಂತು.

“ಗೋಡೆ ಮಾತು ಇಲ್ಲಿಗೇ ಬಿಟ್ಟೆ,” ಎಂದರು ಯಜಮಾನಿ. “ನೀವು ಹಾಲು ಕುಡೀರಿ.”

ಬೆಳಿಗ್ಗೆ ಅವನೇ ಹೆಂಡತಿಗೆ ಫೋನು ಮಾಡಿ, ನಡೆದದ್ದನ್ನೆಲ್ಲ ಹೇಳಿ ತಪ್ಪೊಪ್ಪಿಕೊಂಡ. ಅವಳು ಮೊದಲು ಅತ್ತಳು, ಆಮೇಲೆ ಚೆನ್ನಾಗಿ ಬೈದಳು. ಬೈಸಿಕೊಳ್ಳುವುದು ಇಷ್ಟು ಹಿತವಾಗಿರುತ್ತದೆ ಎಂದು ಅವನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಬದುಕಿರುವವರಿಗಷ್ಟೇ ಸಿಗುವ ಭಾಗ್ಯವಲ್ಲವೇ ಅದು!

“ಮೊದ್ಲು ಹೋಗಿ ಆಯಮ್ಮಂಗೆ ಕೈ ಮುಗೀರಿ,” ಎಂದಳು.

“ಎಲ್ಲಿ ಅಂತ ಮುಗೀಲಿ? ಬಾಗಿಲು ತೆಗೆದ್ರೆ ಯಾರೂ ಇರ್ಲಿಲ್ಲ.”

“ಹಾಗಾದ್ರೆ ಅವರದ್ದು ಊಟ ಆಯ್ತಾ ಅಂತ ಒಂದು ಮಾತು ಕೇಳಿ ಬನ್ನಿ. ಅಷ್ಟೂ ಆಗಲ್ವಾ ನಿಮ್ಮ ಕೈಲಿ?”

ಲಿಫ್ಟು ಸರಿಹೋಗುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಪರೀಕ್ಷೆ ಮಾಡುವ ನೆಪದಲ್ಲಿ ಅವನು ನೇರವಾಗಿ ಮೂರನೇ ಮಹಡಿಗೆ ಹೋದ. ಕಾರಿಡಾರು ಖಾಲಿ. ಯಾರಾದರೂ ನೋಡಿದರೆ ತಲೆ ಕೆಟ್ಟಿದೆ ಎಂದುಕೊಂಡಾರು ಎಂದು ನಾಚಿಕೆಯಾಯಿತು. ಆದರೂ ಜೀವ ಉಳಿಸಿದವಳು, ಹೇಗೆ ಹಾಗೇ ಹೋಗುವುದು? ಮೂಲೆಯ ರೂಮಿನ ಬಾಗಿಲ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

“ಅಮ್ಮಾ... ನಿಮ್ದು ಊಟ ಆಯ್ತಾ?”

“ಇನ್ನೂ ಇಲ್ಲ,” ಎಂದಿತು ಒಳಗಿನಿಂದ ಹೆಂಗಸಿನ ದನಿ.

ಅವನ ಜೀವ ಬಾಯಿಗೆ ಬಂತು. ಬಾಗಿಲು ತೆರೆಯಿತು. ರೂಮುಗಳನ್ನು ಗುಡಿಸಿ ಒರೆಸುವ ಹೆಂಗಸು, ಕಂಕುಳಲ್ಲಿ ಕೊಳೆಯಾದ ಬೆಡ್‌ಶೀಟುಗಳ ಗಂಟು ಇಟ್ಟುಕೊಂಡು, ಕೇಳಿದವರು ಯಾರಪ್ಪಾ ಎಂದು ಅವನ ಮುಖವನ್ನೇ ನೋಡುತ್ತಿದ್ದಳು.

“ಊಟ ಎಲ್ಲಿಂದ ಸಾರ್,” ಎಂದಳು. “ಇನ್ನೂ ಬೆಳಗಿನ ತಿಂಡೀನೇ ಆಗಿಲ್ಲ.”