ಶೂನ್ಯ ಸಾವಿನ ತಾಲ್ಲೂಕು

ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದು ಒಂದೂ ಇರಲಿಲ್ಲ.

ಶೇಂಗಾ ಹೊಲದಲ್ಲಿ ಕಳೆ ತೆಗೆಯುವಾಗ ಹಾವಿನಿಂದ ಕಚ್ಚಿಸಿಕೊಂಡ ಹುಲಿಗೆಮ್ಮ ಮಂಚದ ಮೇಲಿದ್ದಳು. ಎಷ್ಟು ಕೂಗಿದರೂ ಅವಳ ರೆಪ್ಪೆ ಮೇಲೇಳುತ್ತಿರಲಿಲ್ಲ. ಜಿಲ್ಲಾಸ್ಪತ್ರೆ ಎರಡು ತಾಸಿನ ದಾರಿ.

"ಕಡದು ಆಗ್ಲೇ ತಾಸಾತ್ರಿ ಸಾಹೇಬ್ರ, ಏನರ ಮಾಡ್ರಿ," ಎಂದು ಗಂಡ ಡಾಕ್ಟರರ ಕಾಲು ಹಿಡಿದ.

ತಪ್ಪೆಲ್ಲ ಮೇಲಿನವರದ್ದೆಂಬುದರಲ್ಲಿ ಡಾಕ್ಟರರಿಗೆ ಅನುಮಾನವಿರಲಿಲ್ಲ. ಜಿಲ್ಲಾ ಔಷಧಿ ಉಗ್ರಾಣಕ್ಕೆ ಫೋನ್ ಹಚ್ಚಿ ಕೂಗಾಡಿದರು. "ಇಡೀ ತಾಲ್ಲೂಕಿಗೆ ಒಂದು ಬಾಟಲಿಯೂ ಕಳಿಸಿಲ್ಲ. ಮಾನ ಮರ್ಯಾದೆ ಇದೆಯೇನ್ರಿ ನಿಮಗೆ? ರಾಜಧಾನಿಯಲ್ಲಿ ಕೂತು ಯಾವ ತಲೆಕೆಟ್ಟವನು ಹೀಗೆ ಔಷಧಿ ಹಂಚುವ ನಿಯಮ ಮಾಡಿದ?"

ಆ ಕಡೆಯ ಗುಮಾಸ್ತ ಆಕಳಿಸಿದ. "ಸಿಟ್ಟಾಗಬೇಡಿ ಸರ್. ಹಿಂದಿನ ವರ್ಷ ಎಷ್ಟು ಜನ ಹಾವು ಕಚ್ಚಿ ಸತ್ತರು ಅಂತ ನೋಡಿ ಔಷಧಿ ಹಂಚಬೇಕು, ಅದು ಸರ್ಕಾರದ ಹೊಸ ನೀತಿ. ನಿಮ್ಮ ವರದಿಯಲ್ಲಿ ಸೊನ್ನೆ ಇದೆ. ಶೂನ್ಯ ಸಾವಿನ ತಾಲ್ಲೂಕು ಅಂತ ಮಂತ್ರಿಗಳಿಂದ ಶಾಲು ಹೊದಿಸಿಕೊಂಡವರು ನೀವೇ ಅಲ್ವಾ?"

ಡಾಕ್ಟರು ಫೋನ್ ಇಟ್ಟರು. ಗಂಡನ ಚೀರಾಟ ಕೇಳಿ ತಿರುಗಿ ನೋಡಿದಾಗ ಹುಲಿಗೆಮ್ಮನ ಉಸಿರು ನಿಂತಿತ್ತು.

ನರ್ಸ್ ಸಾವಿನ ರಿಜಿಸ್ಟರ್ ತೆರೆದು ಪೆನ್ನು ಹಿಡಿದಳು. "ಇದನ್ನೂ ಹೃದಯಾಘಾತ ಅಂತಲೇ ಬರೀಲಾ ಸರ್?"

ಹಾವು ಕಚ್ಚಿ ಸತ್ತ ಹನ್ನೊಂದು ಮಂದಿಯ ಸಾವನ್ನು ಹೋದ ವರ್ಷ ಡಾಕ್ಟರೇ ಹಾಗೆ ಬರೆಸಿದ್ದರು, ಹುಲಿಗೆಮ್ಮ ಹನ್ನೆರಡನೆಯವಳು.