ಹತ್ತಕ್ಕೆ ಎರಡು

"ಬರೆಯೋ ಮುಂಚೆ ಸುತ್ತಲೂ ಒಂದು ಸಲ ಕಣ್ಣಾಡಿಸೋಕೆ ಏನಾಗಿತ್ತೇ ನಿನಗೆ?" ಬೆಂಚಿನ ಗೆಳತಿ ಹಣೆ ಚಚ್ಚಿಕೊಂಡಳು. ಯಾಕಮ್ಮನ ಕೈಯಲ್ಲಿದ್ದ ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಯ ಹಾಳೆಯ ಮೇಲೆ ಹತ್ತಕ್ಕೆ ಎರಡು ಅನ್ನುವುದು ಕೆಂಪು ಶಾಯಿಯಲ್ಲಿ ಕಾಲು ಚಾಚಿ ಕೂತಿತ್ತು. ಕುದಿಯುವ ನೀರಿನ ಉಷ್ಣತೆ ಅಳೆದು ಬರೆಯುವುದು ಪ್ರಶ್ನೆ. ಲ್ಯಾಬಿನ ಸ್ಟ್ಯಾಂಡಿಗೆ ಕಟ್ಟಿದ್ದ ಒಂದೇ ಥರ್ಮಾಮೀಟರಿನ ಮುಂದೆ ಸಾಲಾಗಿ ಹಾದುಹೋದ ಮೂವತ್ತೊಂದು ಮಂದಿ ನೂರು ಡಿಗ್ರಿ ಅಂತ ಬರೆದು ಹತ್ತಕ್ಕೆ ಹತ್ತು ಹೊಡೆದಿದ್ದರು. ಇವಳೊಬ್ಬಳು ತೊಂಬತ್ತಮೂರು ಅಂತ ಬರೆದಿದ್ದಳು.

ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಾತೆತ್ತಿದರೆ 'ಯಾಕೆ' ಅನ್ನುವವಳಿಗೆ ಶಾಲೆಯೇ ಸೇರಿ ಯಾಕಮ್ಮ ಅಂತ ಹೆಸರಿಟ್ಟು ಕೈತೊಳೆದುಕೊಂಡಿತ್ತು. ನಕ್ಷತ್ರ ಎಷ್ಟು ಬಿಸಿ ಇರುತ್ತೆ ಅಂತ ಚಿಕ್ಕಂದಿನಲ್ಲಿ ಅಜ್ಜಿಯ ತಲೆ ತಿಂದಾಗ ಅಜ್ಜಿ ಸೋತು, "ನೀನೇ ದೊಡ್ಡವಳಾಗಿ ಅಳೆದು ಬಂದು ಹೇಳೇ ತಾಯಿ" ಅಂದಿದ್ದಳು. ಇವಳು ಹೂಂ ಅಂದಿದ್ದಳು. ಈಗ ನೋಡಿದರೆ, ಐದಕ್ಕಿಂತ ಕಡಿಮೆ ಬಂದವರಿಗೆ ಮುಂದಿನ ವರ್ಷ ವಿಜ್ಞಾನ ವಿಭಾಗವೇ ಇಲ್ಲ. ಆಯ್ಕೆಯಾದವರ ಪಟ್ಟಿ ನಾಲ್ಕು ಗಂಟೆಗೆ ನೋಟಿಸ್ ಬೋರ್ಡಿಗೆ ಏರುತ್ತದೆ. ಗಂಟೆ ಆಗಲೇ ಮೂರೂಕಾಲು. ಯಾಕಮ್ಮ ಹಾಳೆ ಹಿಡಿದು ಲ್ಯಾಬಿಗೆ ನಡೆದಳು.

"ಏನಮ್ಮಾ, ಮತ್ತೆ ಏನು ಯಾಕೆ?" ಪಟ್ಟಿ ಬರೆಯುತ್ತಿದ್ದ ಮೇಡಂ ತಲೆ ಎತ್ತಲಿಲ್ಲ.

"ಎರಡು ಯಾಕೆ ಮೇಡಂ?"

ನಲ್ಲಿಯ ಕೆಳಗೆ ಬೀಕರ್ ತೊಳೆಯುತ್ತಿದ್ದ ಅಟೆಂಡರ್ ಮಾಮ ಮೂಗಿನಲ್ಲೇ ನಕ್ಕ.

"ನೀರು ನೂರು ಡಿಗ್ರಿಗೆ ಕುದಿಯುತ್ತೆ. ನೋಡಿ ಕಲೀಲಿ ಅಂತ ಈ ವರ್ಷ ನಾನೇ ಮಾದರಿ ರೆಕಾರ್ಡ್ ಬರೆದು ಬಾಗಿಲಿಗೇ ನೇತುಹಾಕಿದ್ದೀನಿ. ಊರಿಗೆಲ್ಲ ಒಂದು ದಾರಿಯಾದ್ರೆ ಎಡವಟ್ಟಿಗೆ ಇನ್ನೊಂದು ದಾರಿ. ನಿನ್ನ ನೀರಿಗೆ ಮಾತ್ರ ಅಷ್ಟು ಅವಸರವಾ ಕುದಿಯೋಕೆ?"

"ನೀರು ಎಷ್ಟಕ್ಕೆ ಕುದಿಯುತ್ತೆ ಅಂತ ನೀವು ಕೇಳಿರಲಿಲ್ಲ ಮೇಡಂ. ಥರ್ಮಾಮೀಟರಿನಲ್ಲಿ ಕಂಡದ್ದು ಬರೀರಿ ಅಂತಿತ್ತು. ಕಂಡದ್ದು ತೊಂಬತ್ಮೂರು. ಮೂರು ಸಲ ನೋಡಿದೆ."

"ಹಾಗಾದ್ರೆ ಮೂವತ್ತೊಂದು ಜನಾನೂ ಕುರುಡರಾ?"

"ಗೊತ್ತಿಲ್ಲ ಮೇಡಂ. ಅವರು ನೋಡಿದ್ರಾ ಅಂತ ಕೇಳಬೇಕು."

ಮೇಡಂ ಕೈಯ ಪೆನ್ನು ನಿಂತಿತು. "ದೀಪ ಹಚ್ಚಪ್ಪ," ಅಂದರು ಅಟೆಂಡರಿಗೆ. "ಇವಳ ಸಂಶಯಾನೂ ಒಂದು ಸಲ ಕುದಿಸೇ ಬಿಡೋಣ."

ಮೂವರೂ ಬೀಕರಿನ ಸುತ್ತ ನಿಂತರು. ತಳದಿಂದ ಸಾಸಿವೆಯಷ್ಟು ಗುಳ್ಳೆಗಳು ಒಂದೊಂದಾಗಿ ಎದ್ದವು. ಆಮೇಲೆ ನೀರು ಗುಂಯ್ ಅನ್ನತೊಡಗಿತು. ಅದೇ ಥರ್ಮಾಮೀಟರಿನ ಕೆಂಪು ಗೆರೆ ಎಂಬತ್ತು ದಾಟಿತು, ತೊಂಬತ್ತು ದಾಟಿತು. ಅವತ್ತು ನನ್ನ ಕಣ್ಣೇ ತಪ್ಪಿದ್ದರೆ? ಯಾಕಮ್ಮ ಬೀಕರಿಗೆ ಮೂಗು ತಾಗುವಷ್ಟು ಬಾಗಿದಳು. ತೊಂಬತ್ತೊಂದು. ತೊಂಬತ್ತೆರಡು. ತೊಂಬತ್ತಮೂರಕ್ಕೆ ಬಂದ ಗೆರೆ ಹಟಮಾರಿ ಮಗುವಿನ ಹಾಗೆ ಕೂತೇಬಿಟ್ಟಿತು. ನೀರು ಕೊತಕೊತ ಉಕ್ಕಿ ಮೇಜಿಗೆ ಸಿಡಿದರೂ ಕದಲಲಿಲ್ಲ.

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಮಾಮ ಬೀರುವಿನಿಂದ, ಹತ್ತಿಯಲ್ಲಿ ಸುತ್ತಿಟ್ಟಿದ್ದ ಹೊಸ ಥರ್ಮಾಮೀಟರ್ ತಂದು ಅದೇ ನೀರಿಗೆ ಇಳಿಬಿಟ್ಟ. ಅದು ಸರಸರ ಏರಿ ನೂರಕ್ಕೆ ನಿಂತಿತು. ಅವನು ಹಳೆಯದನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದ. ಗಾಜಿನ ಕೊಳವೆಯ ತುತ್ತತುದಿಯಲ್ಲಿ ಕೆಂಪು ಗೆರೆಯ ತುಂಡೊಂದು ಮುರಿದು ಅಂಟಿಕೊಂಡಿತ್ತು.

"ಓಹೋ. ಹೋದ ವರ್ಷ ನನ್ನ ಕೈಯಿಂದ ಜಾರಿ ಬಿದ್ದಿತ್ತು ಮೇಡಂ ಇದು. ಒಡೀಲಿಲ್ಲವಲ್ಲ, ಸದ್ಯ ಬದುಕಿದೆ ಅಂತ ಮತ್ತೆ ಕಟ್ಟಿದ್ದೆ."

"ಹಾಗಾದ್ರೆ ಹೋದ ವರ್ಷದ ಮಕ್ಕಳು?"

"ಅವರೂ ನೂರೇ ಬರೆದ್ರು. ನೀವೂ ಹತ್ತೇ ಕೊಟ್ರಿ."

ಮೇಡಂ ಯಾಕಮ್ಮನ ಕೈಯಿಂದ ಹಾಳೆ ತಗೊಂಡು ಎರಡನ್ನು ಹೊಡೆದುಹಾಕಿ ಹತ್ತು ಬರೆದರು. ಅರ್ಧ ಬರೆದಿದ್ದ ಪಟ್ಟಿಯನ್ನು ಹರಿದರು. ಹೊಸ ಹಾಳೆಯ ನೆತ್ತಿಯ ಮೇಲೆ, ಹಾಜರಿ ಪುಸ್ತಕದಲ್ಲಿದ್ದ ಆ ಹೆಸರನ್ನು ಗುಂಡಗೆ ಬರೆದು ಮಾಮನ ಕೈಗಿತ್ತರು.

"ಒಂದೇ ಹೆಸರಿದೆ ಮೇಡಂ."

"ಸದ್ಯಕ್ಕೆ ಒಂದೇ. ಉಳಿದವರು ನಾಳೆ ಬಂದು ಮತ್ತೆ ಅಳೀಲಿ." ಮಾಮ ಹಳೆಯ ಥರ್ಮಾಮೀಟರನ್ನು ಕಸದ ಬುಟ್ಟಿಯತ್ತ ಒಯ್ಯುತ್ತಿದ್ದ. "ಎಸೀಬೇಡ. ನಾಳೆಗೂ ಅದನ್ನೇ ಕಟ್ಟು."

ಯಾಕಮ್ಮನಿಗೆ ಲ್ಯಾಬಿನ ಮಾಡು ಯಾರೋ ಎತ್ತಿಟ್ಟ ಹಾಗಾಯಿತು. ಹಾಡುಹಗಲಲ್ಲೇ ನಕ್ಷತ್ರಗಳು ಕೈಗೆಟುಕುವಷ್ಟು ಕೆಳಗೆ ಇಳಿದಿದ್ದವು. ಹಾಳೆಯನ್ನು ಎದೆಗವಚಿಕೊಂಡು ಬಾಗಿಲವರೆಗೆ ಹೋದಳು. ಅಲ್ಲೇ ನಿಂತಳು.

"ಮೇಡಂ."

"ಇನ್ನೂ ಯಾಕೆ?"

ಯಾಕಮ್ಮ ಮೊಳೆಗೆ ತೂಗಿದ್ದ ಮಾದರಿ ರೆಕಾರ್ಡಿನತ್ತ ಬೆರಳು ತೋರಿದಳು. "ಇದನ್ನೂ ಈ ವರ್ಷ ಅದೇ ಥರ್ಮಾಮೀಟರ್ ನೋಡೇ ಬರೆದದ್ದಲ್ವಾ? ಇದರಲ್ಲಿ ನೂರು ಯಾಕೆ?"

ಮಾಮ ನಲ್ಲಿ ಜೋರಾಗಿ ತಿರುಗಿಸಿ ಮುಖ ತೊಳೆಯತೊಡಗಿದ. ಮೇಡಂ ಎದ್ದು ಬಂದು ರೆಕಾರ್ಡ್ ಇಳಿಸಿ ಪುಟ ತೆರೆದರು. 'ಕಂಡ ಉಷ್ಣತೆ: ನೂರು ಡಿಗ್ರಿ' ಅಂತ ಅವರದೇ ಮುತ್ತಿನಂಥ ಅಕ್ಷರ. ಬಹಳ ಹೊತ್ತು ನೋಡಿದರು. ಆಮೇಲೆ ಕೆಂಪು ಪೆನ್ನಿನಿಂದ ಅದಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ಹತ್ತಕ್ಕೆ ಎರಡು ಅಂತ ಬರೆದು ಸಹಿ ಮಾಡಿದರು.

ಮಾಮ ಒದ್ದೆ ಕೈ ಒರೆಸಿಕೊಂಡು ಬಂದು ರೆಕಾರ್ಡನ್ನು ಮತ್ತೆ ಮೊಳೆಗೆ ತೂಗುಹಾಕಿದ. "ಹಾಗಾದ್ರೆ ಮೇಡಂ," ಅಂದ, "ಮುಂದಿನ ವರ್ಷ ನಿಮಗೂ ಸೈನ್ಸ್ ಇಲ್ಲ."